ಮಾತಿನ ಹೊಸ್ತಿಲು ದಾಟಿ ಹಾಡಿಗೆ: ರಂಗಸಂಗೀತ ಓದಲು ಹೊರಡುವ ಮಲೆನಾಡಿನವರಿಗೆ ಕೈಪಿಡಿ

ಸಂಗೀತ ಕಚೇರಿಯಲ್ಲಿ ಸಲೀಸಾಗಿ ಹಾಡುವ ಹುಡುಗ ಹುಡುಗಿಯರು ನಾಟಕ ಶಾಲೆಯ ಆಯ್ಕೆಯಲ್ಲಿ ಎಡವುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ, ಮಾತು ಮುಗಿದು ಹಾಡು ಶುರುವಾಗುವ ಹೊಸ್ತಿಲಲ್ಲಿ. ಅಲ್ಲಿಯವರೆಗೆ ಪಾತ್ರವಾಗಿದ್ದವರು ತಟಕ್ಕನೆ ಸಂಗೀತದ ವಿದ್ಯಾರ್ಥಿಯಾಗಿಬಿಡುತ್ತಾರೆ. ಕಣ್ಣು ಮುಚ್ಚುತ್ತದೆ, ಬಲಗೈ ತಾಳ ಹಾಕಲು ತೊಡೆ ಹುಡುಕುತ್ತದೆ, ಎದುರಿಗಿದ್ದ ಪಾತ್ರ ಮರೆತೇ ಹೋಗುತ್ತದೆ. ಶ್ರುತಿ, ಉಸಿರು, ತಾಳ, ಸಾಹಿತ್ಯ ಎಲ್ಲವನ್ನೂ ಆ ಹೊಸ್ತಿಲು ದಾಟುವುದಕ್ಕೆ ಹೇಗೆ ಹದಮಾಡಿಕೊಳ್ಳಬೇಕು ಅನ್ನುವುದೇ ಇಲ್ಲಿಯ ವಿಷಯ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರು ಮನೆಯಲ್ಲಿದ್ದುಕೊಂಡೇ ಎಂಟು ಹತ್ತು ತಿಂಗಳಲ್ಲಿ ಮಾಡಿಕೊಳ್ಳಬಹುದಾದ ತಯಾರಿ ಇದು.

ಎಲ್ಲಿ ಓದುವುದು

ಇಂಗ್ಲೆಂಡ್, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ‘ಮ್ಯೂಸಿಕಲ್ ಥಿಯೇಟರ್’ ಎಂಬ ಹೆಸರಿನದೇ ಪದವಿ ಇದೆ. ಹಾಡು, ನಟನೆ, ಕುಣಿತ ಮೂರನ್ನೂ ಒಂದೇ ಸೂರಿನಡಿ ಕಲಿಸುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಸಂಗೀತದ್ದೇ ಒಂದು ವಿಭಾಗ, ನಾಟಕದ್ದೇ ಇನ್ನೊಂದು. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು, ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ ಪದವಿಯ ದಾರಿಗಳು. ಪದವಿಯಲ್ಲದ, ಆದರೆ ರಂಗಭೂಮಿಗೆ ನೇರ ಹೋಗುವ ದಾರಿ ಬೇಕಿದ್ದರೆ ಶಿವಮೊಗ್ಗ ಜಿಲ್ಲೆಯದೇ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ. ರಾಷ್ಟ್ರೀಯ ನಾಟಕ ಶಾಲೆಯ ದೆಹಲಿಯ ಕೋರ್ಸು ಮೂರು ವರ್ಷದ್ದು, ಅದರ ಬೆಂಗಳೂರು ಕೇಂದ್ರದ್ದು ಒಂದು ವರ್ಷದ್ದು. ಅರ್ಹತೆ, ವಯಸ್ಸಿನ ಮಿತಿ, ಕೊನೆಯ ದಿನ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆಯಾ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಿ, ಹಿಂದಿನ ವರ್ಷ ಹೋದವರ ಮಾತು ನಂಬಿ ಕೂರಬೇಡಿ.

ಯಾವುದನ್ನು ಆರಿಸುವುದು? ಈಗಾಗಲೇ ಐದಾರು ವರ್ಷ ಸಂಗೀತ ಕಲಿತಿದ್ದರೆ ನಾಟಕದ ಕೋರ್ಸಿಗೆ ಹೋಗಿ. ನಾಟಕದಲ್ಲಿ ಬೆಳೆದು ಸ್ವರಜ್ಞಾನ ಇಲ್ಲದಿದ್ದರೆ ಸಂಗೀತದ ಕಡೆ ಹೋಗಿ. ಇದ್ದದ್ದನ್ನೇ ಇನ್ನಷ್ಟು ಮಾಡಿಕೊಳ್ಳುವುದಕ್ಕಿಂತ ಇಲ್ಲದ್ದನ್ನು ತುಂಬಿಕೊಳ್ಳುವುದು ಲಾಭ. ಕನ್ನಡ ರಂಗಸಂಗೀತಕ್ಕೆ ಹೊಸ ಕಿವಿ ಕೊಟ್ಟ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದರು, ಆಮೇಲೆ ಬನಾರಸಿನಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತರು, ಅದಾದ ಮೇಲೆ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಮೂರೂ ಬೇರೆ ಬೇರೆ ಬಾಗಿಲು.

ಶ್ರುತಿ ಗೊತ್ತುಮಾಡಿಕೊಳ್ಳುವುದು

‘ನಿನ್ನ ಶ್ರುತಿ ಎಷ್ಟು?’ ಎಂದು ಪೇಟಿ (ಹಾರ್ಮೋನಿಯಂ) ಮೇಷ್ಟ್ರು ಕೇಳಿದಾಗ ‘ಗೊತ್ತಿಲ್ಲ ಸರ್, ನೀವೇ ಕೊಡಿ’ ಅನ್ನುವುದು ಮೊದಲ ತಪ್ಪು. ಅವರು ತಮ್ಮ ಬೆರಳಿಗೆ ಒಗ್ಗಿದ ಮನೆ (ಪೇಟಿಯ ಕೀಲಿ) ಹಿಡಿಯುತ್ತಾರೆ, ನಿಮ್ಮ ಗಂಟಲಿಗೆ ಅದು ಹೊಂದದಿರಬಹುದು.

ಗಂಡಸರ ಶ್ರುತಿ, ಅಂದರೆ ಷಡ್ಜ (‘ಸ’) ನಿಲ್ಲುವ ಮನೆ, ಸಾಮಾನ್ಯವಾಗಿ ಪೇಟಿಯ ಬಿಳಿ ಒಂದರಿಂದ ಕರಿ ಎರಡರೊಳಗೆ ಬರುತ್ತದೆ, ಹೆಂಗಸರದು ಬಿಳಿ ನಾಲ್ಕರಿಂದ ಬಿಳಿ ಆರರೊಳಗೆ. ಸಂಗೀತ ಪಾಠದಲ್ಲಿ ಐದು ಮನೆ ಶ್ರುತಿ ಅನ್ನುವುದು ಪೇಟಿಯ ಬಿಳಿ ಐದು, ಒಂದೂವರೆ ಮನೆ ಅನ್ನುವುದು ಕರಿ ಒಂದು. ಇದು ಪಾಶ್ಚಾತ್ಯರ ಲೆಕ್ಕದಲ್ಲಿ ಕ್ರಮವಾಗಿ ‘ಜಿ’ ಮತ್ತು ‘ಸಿ ಶಾರ್ಪ್’. ಈ ಮೂರೂ ಹೆಸರು ಬಾಯಿಗೆ ಬರಬೇಕು. ಪಕ್ಕವಾದ್ಯದವರು ಯಾವ ಭಾಷೆಯವರೋ ಹೇಳಲಾಗದು.

ಬೆಳಗ್ಗೆ ಎದ್ದ ಕೂಡಲೇ ಶ್ರುತಿ ನೋಡಬೇಡಿ, ಆಗ ಗಂಟಲು ಕೆಳಗೇ ಇರುತ್ತದೆ. ಹತ್ತು ಗಂಟೆಯ ನಂತರ, ಹತ್ತು ನಿಮಿಷ ಗಂಟಲು ಬೆಚ್ಚಗೆ ಮಾಡಿಕೊಂಡು ಕೂರಿ. ಗಂಡಸರು ಬಿಳಿ ಒಂದು, ಹೆಂಗಸರು ಬಿಳಿ ನಾಲ್ಕು ಹಿಡಿದು ಕೆಳಗೆ ಮಂದ್ರ ಪಂಚಮದವರೆಗೆ (ಕೆಳಸ್ಥಾಯಿಯ ‘ಪ’), ಮೇಲೆ ತಾರ ಗಾಂಧಾರದವರೆಗೆ (ಮೇಲುಸ್ಥಾಯಿಯ ‘ಗ’) ಹೋಗಿ. ತಾರ ಗಾಂಧಾರವನ್ನು ‘ಆ’ಕಾರದಲ್ಲಿ ಅಲ್ಲ, ‘ಈ’ಕಾರದಲ್ಲಿ ನಾಲ್ಕು ಎಣಿಕೆ ನಿಲ್ಲಿಸಿ. ‘ಆ’ ಸುಳ್ಳು ಹೇಳುತ್ತದೆ, ಬಾಯಿ ಅಗಲಿಸಿ ಹೇಗೋ ದಾಟಿಸಬಹುದು. ‘ಈ’ ಹಿಸುಕಿದರೆ ಅಲ್ಲಿ ಗಂಟಲು ಬಿಗಿಯುತ್ತಿದೆ ಎಂದರ್ಥ. ಕರಿ ಬಿಳಿ ಎರಡನ್ನೂ ಲೆಕ್ಕಕ್ಕೆ ಹಿಡಿದು ಒಂದೊಂದೇ ಮನೆ ಮೇಲೇರಿಸುತ್ತ ಹೋಗಿ. ಉದಾಹರಣೆಗೆ, ಕರಿ ಎರಡರಲ್ಲಿ ‘ಈ’ ಹಿಸುಕತೊಡಗಿತು ಎಂದುಕೊಳ್ಳಿ. ಹಾಗಾದರೆ ಕೂತು ಹಾಡಲು ನಿಮ್ಮ ಶ್ರುತಿ ಒಂದು ಮನೆ ಕೆಳಗೆ, ಬಿಳಿ ಎರಡು. ರಂಗದ ಮೇಲೆ ಇನ್ನೊಂದು ಮನೆ ಕೆಳಗೆ, ಕರಿ ಒಂದು. ಆ ಎರಡನೇ ಇಳಿಕೆಯನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಕುಣಿಯುತ್ತ ಹಾಡುವಾಗ ಮೇಲಿನ ಸ್ವರ ಒಡೆಯುತ್ತದೆ. ಪರೀಕ್ಷೆ ಸುಲಭ: ಇಪ್ಪತ್ತು ಮೆಟ್ಟಿಲು ಹತ್ತಿ ಇಳಿದು ತಕ್ಷಣ ಪಲ್ಲವಿ ಎತ್ತಿ. ಸಾಲು ತುಂಡಾಗದಿದ್ದರೆ ಶ್ರುತಿ ಸರಿ.

ಸಮೂಹಗೀತೆಯ ಲೆಕ್ಕವೇ ಬೇರೆ. ಗಂಡಸರ ಕರಿ ಒಂದರಲ್ಲಿ ಹಾಡು ಕಟ್ಟಿ ‘ಹೆಣ್ಣುಮಕ್ಕಳು ಹೇಗಾದರೂ ಸೇರಿಕೊಳ್ಳಲಿ’ ಅನ್ನುವ ನಿರ್ದೇಶಕರು ಊರೂರಿಗೆ ಇದ್ದಾರೆ. ಧಾಟಿ ಮಧ್ಯ ಷಡ್ಜದಿಂದ ತಾರ ಷಡ್ಜದೊಳಗಿನ ಒಂದೇ ಸ್ಥಾಯಿಯಲ್ಲಿದ್ದರೆ ಬಿಳಿ ಆರರಲ್ಲಿ ಕಟ್ಟಿ ನೋಡಿ. ಹೆಂಗಸರು ತಮ್ಮ ಸ್ಥಾಯಿಯಲ್ಲಿ, ಗಂಡಸರು ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ಮಂದ್ರಕ್ಕಿಳಿಯುವ ಧಾಟಿಯಾದರೆ ಇದು ಆಗದು, ಗಂಡಸರ ಕೆಳದನಿ ನೆಲ ಕಚ್ಚುತ್ತದೆ.

ಯಾವ ಹಾಡು

ಎರಡು ಕೇಳಿದರೂ ಆರು ಹಾಡು ಕೈಯಲ್ಲಿರಲಿ. ವೃತ್ತಿರಂಗಭೂಮಿಯ ಧಾಟಿಯ ಚುರುಕಿನದೊಂದು, ತಾಳವಿಲ್ಲದೆ ಹಾಡುವ ಕಂದಪದ್ಯವೋ ವೃತ್ತವೋ ಒಂದು, ಜನಪದ ಅಥವಾ ವಚನ ಒಂದು, ನಡುವೆ ಮಾತು ಬರುವಂಥದ್ದು ಒಂದು, ವಾದ್ಯವೇ ಇಲ್ಲದೆ ನಿಲ್ಲುವಂಥದ್ದು ಒಂದು, ಬೇರೆ ಭಾಷೆಯದೊಂದು. ಸಿನಿಮಾ ಹಾಡಿನಲ್ಲಿ ಎರಡು ತೊಡಕು. ಪಲ್ಲವಿ ಚರಣದ ನಡುವಿನ ವಾದ್ಯಭಾಗದಲ್ಲಿ ಆಡಿಷನ್ ಕೊಡುವವರು ಸುಮ್ಮನೆ ನಿಂತಿರಬೇಕಾಗುತ್ತದೆ. ಅಲ್ಲದೆ ಅದನ್ನು ಹಾಡಿದ ಗಾಯಕರ ದನಿ ಕೇಳುವವರ ಕಿವಿಯಲ್ಲಿ ಆಗಲೇ ಇರುತ್ತದೆ, ನೀವು ಪಾತ್ರ ಮಾಡುತ್ತಿದ್ದರೂ ಅವರಿಗೆ ನಕಲು ಕೇಳುತ್ತದೆ.

ಪ್ರತಿ ಹಾಡಿಗೂ ಒಂದೂವರೆ ನಿಮಿಷದ ತುಂಡೊಂದು, ಅರ್ಧ ನಿಮಿಷದ ತುಂಡೊಂದು ಸಿದ್ಧವಿರಲಿ. ವಿದೇಶದ ವಿಶ್ವವಿದ್ಯಾಲಯಗಳು 32 ಬಾರ್ ಅಥವಾ 16 ಬಾರ್ ಎಂದು ಕೇಳುವುದು ಇದನ್ನೇ. ನಾಲ್ಕು ಎಣಿಕೆಯ ಬಾರಿನ ಲೆಕ್ಕದಲ್ಲಿ 32 ಬಾರ್ ಎಂದರೆ 128 ಎಣಿಕೆ, ಎಂಟಕ್ಷರದ ನಮ್ಮ ಆದಿತಾಳದಲ್ಲಿ ಅಕ್ಷರಕ್ಕೊಂದು ಎಣಿಕೆಯಂತೆ 16 ಆವರ್ತ (ತಾಳದ ಪೂರ್ತಿ ಸುತ್ತು). ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ಅದು 64 ಸೆಕೆಂಡಿಗೆ ಮುಗಿಯುತ್ತದೆ. ತುಂಡು ಮಾಡುವಾಗ ಪಲ್ಲವಿಯಿಂದಲೇ ಶುರುಮಾಡಬೇಕೆಂದಿಲ್ಲ. ಪಾತ್ರದ ಮನಸ್ಸು ತಿರುಗುವ ಸಾಲು ಎಲ್ಲಿದೆಯೋ ಅದು ತುಂಡಿನೊಳಗೆ ಬರಬೇಕು.

ಒಂದು ಸಾಲನ್ನು ಬಿಡಿಸುವ ಬಗೆ

ಅಭ್ಯಾಸಕ್ಕೆಂದೇ ಕಟ್ಟಿದ ಎರಡು ಸಾಲು ಇವು:

ಮಳೆ ನಿಂತ ಮೇಲೆಯೂ ಹನಿ ಬಿಡದ ಮರದಡಿಗೆ
ನಿಂತಿರುವೆ ನಾನಿನ್ನು ಎಲ್ಲಿ ಹೋಗಲಿ ಹೇಳು

ಮೊದಲು ಮಾತ್ರೆ ಎಣಿಸಿ. ಲಘುವಿಗೆ ಒಂದು, ಗುರುವಿಗೆ ಎರಡು. ಮಳೆನಿಂತ, ಮೇಲೆಯೂ, ಹನಿಬಿಡದ, ಮರದಡಿಗೆ: ನಾಲ್ಕೂ ಐದೈದು ಮಾತ್ರೆ. ಎರಡನೇ ಸಾಲೂ ಹಾಗೆಯೇ. ಪ್ರತಿ ಗಣವೂ ಎರಡು ಮತ್ತು ಮೂರಾಗಿ ಒಡೆಯುತ್ತದೆ, ಮಳೆ/ನಿಂತ, ಹನಿ/ಬಿಡದ, ಮರ/ದಡಿಗೆ. ಹೀಗಾಗಿ ಈ ಸಾಲು ಐದರ ತಾಳವಾದ ಖಂಡಛಾಪಿನಲ್ಲಿ ತಾನಾಗಿ ಕೂರುತ್ತದೆ. ತಬಲಾದವರಿಗಾದರೆ ಝಪತಾಲ ಎನ್ನಿ, ಅದೂ ಎರಡು ಮೂರು ಎರಡು ಮೂರು, ಒಂದು ಸಾಲಿಗೆ ಎರಡು ಆವರ್ತ.

ಕೆಡುವುದು ಎಲ್ಲಿ ಎಂದರೆ, ‘ಜನಕ್ಕೆ ಹಿಡಿಸಲಿ’ ಎಂದು ಇದನ್ನು ಕೆಹರವಾ ತಾಳದ ಎಂಟು ಮಾತ್ರೆಗೆ ತಂದಾಗ. ಐದು ಮಾತ್ರೆಯ ಗಣಕ್ಕೆ ಎಂಟು ಜಾಗ ಸಿಕ್ಕಿತು, ಮೂರು ಮಾತ್ರೆ ಹೆಚ್ಚಾಯಿತು. ಆ ಮೂರನ್ನು ಎಲ್ಲಿ ತುಂಬುವುದು? ‘ಮೇಲೆಯೂ’ ಗಣದಲ್ಲಿ ತೊಂದರೆಯಿಲ್ಲ, ‘ಮೇ’ ಮತ್ತು ‘ಯೂ’ ದೀರ್ಘ, ಎಳೆದರೂ ಅರ್ಥ ಕೆಡದು. ಆದರೆ ‘ಹನಿಬಿಡದ’ ಗಣದಲ್ಲಿ ಐದೂ ಲಘು. ಮೊದಲಕ್ಷರ ಎಳೆದರೆ ‘ಹನಿ’ ಹೋಗಿ ‘ಹಾನಿ’ ಆಯಿತು. ಮುಂದಿನ ಗಣದಲ್ಲಿ ‘ಮರ’ ಎಳೆದರೆ ‘ಮಾರ’, ಮನ್ಮಥ ಬಂದು ನಿಂತ. ಮೂರನೇ ಸಾಲಿನಲ್ಲಿ ಕೂತವರಿಗೆ ಮಳೆಯೂ ಇಲ್ಲ, ಮರವೂ ಇಲ್ಲ. ಪರಿಹಾರ: ಐದೂ ಲಘುಗಳನ್ನು ಬಿಡಿಬಿಡಿಯಾಗಿ ಹೇಳಿ ಮುಗಿಸಿ, ಉಳಿದ ಮೂರು ಮಾತ್ರೆ ಖಾಲಿ ಬಿಡಿ. ಖಾಲಿ ಬಿಡಲು ಹಾಡುವವರಿಗೆ ಭಯ. ಆದರೆ ನಟನಿಗೆ ಬೇಕಾದ ಜಾಗ ಅದೇ: ನೋಡಲು, ತಿರುಗಲು, ಉಸಿರಿಗೆ.

ಉಸಿರು ಎಲ್ಲಿ? ರೂಢಿಯಂತೆ ಸಾಲಿನ ಕೊನೆಯಲ್ಲಿ, ‘ಮರದಡಿಗೆ’ ಆದ ಮೇಲೆ ಎಳೆದುಕೊಳ್ಳುತ್ತೇವೆ. ಆಗ ‘ನಿಂತಿರುವೆ’ ತಬ್ಬಲಿಯಾಗುತ್ತದೆ. ಅರ್ಥ ಹರಿಯುವುದು ‘ಮರದಡಿಗೆ ನಿಂತಿರುವೆ’ ಎಂದು. ಆದ್ದರಿಂದ ‘ಮೇಲೆಯೂ’ ಆದ ಮೇಲೆ ಉಸಿರು ತೆಗೆದುಕೊಂಡು ಹದಿನೈದು ಮಾತ್ರೆ ಒಂದೇ ಉಸಿರಿನಲ್ಲಿ ಸಾಗಿ, ‘ನಿಂತಿರುವೆ’ ಮುಗಿಸಿ ಇನ್ನೊಂದು ತೆಗೆದುಕೊಳ್ಳಿ. ನಿಮಿಷಕ್ಕೆ 150 ಮಾತ್ರೆಯ ನಡೆಯಲ್ಲಿ ಅದು ಆರೇ ಸೆಕೆಂಡು, ಯಾರಿಗೂ ಕಷ್ಟವಲ್ಲ. ಇನ್ನೊಂದು ಸೂಕ್ಷ್ಮ: ‘ಹೋಗಲಿ’ ಎರಡು ಗಣಗಳ ಮೇಲೆ ಮುರಿದು ಬೀಳುತ್ತದೆ, ‘ಹೋ’ ಒಂದರಲ್ಲಿ, ‘ಗಲಿ’ ಇನ್ನೊಂದರಲ್ಲಿ. ತಾಳದ ಪೆಟ್ಟು ‘ಗ’ಕ್ಕೆ ಬಿದ್ದರೂ ಬಾಯಿ ಅದನ್ನು ಒತ್ತಬಾರದು. ಒತ್ತಿದರೆ ‘ಎಲ್ಲಿಹೋ, ಗಲಿಹೇಳು’ ಎಂದು ಕೇಳುತ್ತದೆ.

ಅಭ್ಯಾಸದ ಕ್ರಮ ಹೀಗಿರಲಿ:

1. ಸಾಲನ್ನು ಮಾತಿನಂತೆ, ಎದುರಿಗೊಬ್ಬರನ್ನು ಕೂರಿಸಿಕೊಂಡು ಹೇಳಿ. ಐದು ಬಾರಿ.
2. ಕೈತಾಳ ಹಾಕುತ್ತ ಹೇಳಿ. ಹಾಡಬೇಡಿ.
3. ಷಡ್ಜ ಒಂದರಲ್ಲೇ ಇಡೀ ಸಾಹಿತ್ಯ ಹೇಳಿ. ಅಕ್ಷರ ನುಂಗುವುದು ಇಲ್ಲಿ ಬಯಲಾಗುತ್ತದೆ.
4. ಸಾಹಿತ್ಯ ಬಿಟ್ಟು ಧಾಟಿ ಮಾತ್ರ ‘ಆ’ಕಾರದಲ್ಲಿ.
5. ಎರಡನ್ನೂ ಕೂಡಿಸಿ, ತಂಬೂರಿ ಶ್ರುತಿಯೊಂದರ ಜೊತೆ.
6. ನಡೆದಾಡುತ್ತ, ಕೈಗೊಂದು ಕೆಲಸ ಕೊಟ್ಟು. ಅಡಿಕೆ ಸುಲಿಯುವುದೋ ಬಟ್ಟೆ ಮಡಿಸುವುದೋ, ಏನಾದರೂ.

ಆರನೆಯದರಲ್ಲಿ ತಾಳ ತಪ್ಪಿದರೆ ಎರಡನೆಯದಕ್ಕೆ ಹಿಂತಿರುಗಿ. ಹೊಸಬರು ನಾಲ್ಕರಿಂದ ಶುರುಮಾಡುತ್ತಾರೆ, ಆಮೇಲೆ ಜೀವನಪರ್ಯಂತ ಧಾಟಿಗೆ ಮಾತು ಜೋಡಿಸುತ್ತಿರುತ್ತಾರೆ.

ಹೊಸ್ತಿಲು

ಮಾತಿನಿಂದ ಹಾಡಿಗೆ ಹೋಗಲು ಮೂರು ದಾರಿ. ಕೊನೆಯ ಮಾತಿನ ಬೆನ್ನಿಗೇ ಏನೂ ಇಲ್ಲದೆ ಹಾಡು ಎತ್ತುವುದು ಒಂದು. ಪೇಟಿ ಒಂದು ಸಾಲು ನುಡಿಸಿ ಕರೆಯುವುದು ಇನ್ನೊಂದು. ಮಾತು ನಡೆಯುತ್ತಿದ್ದಂತೆ ಅದರಡಿಯಲ್ಲಿ ತಾಳ ಶುರುವಾಗಿ, ಮಾತೇ ತಾಳಕ್ಕೆ ಹೊಂದಿಕೊಂಡು ಹಾಡಾಗುವುದು ಮೂರನೆಯದು. ಒಂದೇ ಹಾಡನ್ನು ಮೂರೂ ಬಗೆಯಲ್ಲಿ ಮಾಡಿ ನೋಡಿ. ಆಡಿಷನ್ನಿಗೆ ಮೊದಲನೆಯದು ಗಟ್ಟಿಯಾಗಿರಲಿ, ಅಲ್ಲಿ ಪೇಟಿ ಸಿಗುತ್ತದೆಂಬ ಭರವಸೆಯಿಲ್ಲ.

ಅದಕ್ಕೆ ಬೇಕಾದದ್ದು ಷಡ್ಜದ ನೆನಪು. ಮೊಬೈಲಿನಲ್ಲಿ ತಂಬೂರಿ ಹಾಕಿಕೊಂಡು ಒಂದು ಸಾಲು ಮಾತು ಆಡಿ, ತಂಬೂರಿ ನಿಲ್ಲಿಸಿ, ಇನ್ನು ನಾಲ್ಕು ಸಾಲು ಆಡಿ, ಷಡ್ಜ ಹಿಡಿದು, ತಂಬೂರಿ ಮತ್ತೆ ಹಾಕಿ ನೋಡಿ. ದಿನಕ್ಕೆ ಹತ್ತು ಬಾರಿ. ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ಪುಸ್ತಕದಲ್ಲಿ ಬರೆದಿಡಿ. ಸಿಟ್ಟಿನ ಮಾತಾದ ಮೇಲೆ ಹೆಚ್ಚಿನವರ ಷಡ್ಜ ಏರಿರುತ್ತದೆ, ಅಳುವಿನ ಮಾತಾದ ಮೇಲೆ ಇಳಿದಿರುತ್ತದೆ. ನಿಮ್ಮದು ಎತ್ತ ಜಾರುತ್ತದೆ ಎಂಬುದು ಗೊತ್ತಾದರೆ ತಿದ್ದಿಕೊಳ್ಳುವುದು ವಾರಗಳ ಕೆಲಸ, ಗೊತ್ತಿಲ್ಲದಿದ್ದರೆ ವರ್ಷವಾದರೂ ಆಗದು.

ಪೇಟಿಯ ಬಗ್ಗೆ ಒಂದು ಮಾತು. ಊರ ನಾಟಕದ ಮೇಷ್ಟ್ರು ನಿಮ್ಮ ಜೊತೆಜೊತೆಗೇ ಇಡೀ ಧಾಟಿ ನುಡಿಸಿ ಕಾಪಾಡುತ್ತಾರೆ. ಅದು ಊರುಗೋಲು. ಒಂದು ದಿನ ಪೇಟಿಯೊಡನೆ, ಮರುದಿನ ಬರೀ ಶ್ರುತಿಯೊಡನೆ ಅಭ್ಯಾಸ ಮಾಡಿದರೆ ಊರುಗೋಲು ಬಿಟ್ಟೂ ನಡೆಯುವುದು ಬರುತ್ತದೆ.

ಈ ವಿದ್ಯೆಗೆ ನಮ್ಮ ಸೀಮೆಯಲ್ಲೇ ಎರಡು ಪಾಠಶಾಲೆಗಳಿವೆ, ಫೀಸಿಲ್ಲ. ಒಂದು ಬಡಗುತಿಟ್ಟಿನ ಯಕ್ಷಗಾನ. ಅಲ್ಲಿ ಪದ್ಯ ಹಾಡುವುದು ಭಾಗವತರು, ಅರ್ಥ, ಅಂದರೆ ಮಾತು, ಪಾತ್ರದ್ದು. ಪದ್ಯ ಮುಗಿಯುವ ಗಳಿಗೆಯಲ್ಲಿ ಮಾತು ಎಲ್ಲಿಂದ ಎದ್ದಿತು, ಮಾತು ಮುಗಿಯುವ ಮೊದಲೇ ಭಾಗವತರು ಹೇಗೆ ತಾಳಕ್ಕೆ ಕೈ ಹಾಕಿದರು, ಚಂಡೆಯವರು ಯಾವ ಸನ್ನೆಗೆ ಕಾದಿದ್ದರು: ರಾತ್ರಿಯಿಡೀ ಬೇಡ, ಒಂದೇ ಪ್ರಸಂಗದಲ್ಲಿ ಇಂಥ ಹತ್ತು ಸಂದಿಗಳನ್ನು ಗುರುತು ಹಾಕಿಕೊಳ್ಳಿ. ಇನ್ನೊಂದು ಗಮಕ, ಕಾವ್ಯವನ್ನು ರಾಗದಲ್ಲಿ ಓದುವ ಕಲೆ. ಶಿವಮೊಗ್ಗದಿಂದ ಕೂಗಳತೆಯಲ್ಲಿ, ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ಗಮಕದಲ್ಲಿ ತಾಳದ ಹಂಗಿಲ್ಲ, ರಾಗ ಪದ್ಯದ ಹಿಂದೆ ನಡೆಯುತ್ತದೆ. ಭಾಮಿನಿ ಷಟ್ಪದಿಯ ಮೂರು ನಾಲ್ಕು, ಮೂರು ನಾಲ್ಕು ನಡೆಯನ್ನು ತಾಳವಿಲ್ಲದೆಯೂ ಒಳಗೊಳಗೇ ಇಟ್ಟುಕೊಂಡು ಅರ್ಥಕ್ಕೆ ತಕ್ಕಂತೆ ನಿಲ್ಲಿಸುವುದನ್ನು ಕೇಳಿ ಕಲಿತರೆ, ಮೇಲೆ ಹೇಳಿದ ‘ಮರದಡಿಗೆ ನಿಂತಿರುವೆ’ ತಾನಾಗಿ ಸರಿಹೋಗುತ್ತದೆ.

ಸ್ವರಲಿಪಿ ಮತ್ತು ಕೂಡುದನಿ

ಹೊರದೇಶಕ್ಕೆ ಹೋಗುವವರಿಗೆ ಸ್ಟಾಫ್ ನೊಟೇಷನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಓದುವುದು ಬೇಕೇ ಬೇಕು. ಕರ್ನಾಟಕ ಸಂಗೀತ ಕಲಿತವರಿಗೆ ಇದರಲ್ಲಿ ಒಂದು ಅನುಕೂಲ, ಒಂದು ಬಲೆ. ಅನುಕೂಲವೆಂದರೆ ಸರಿಗಮ ಎಂದು ಸ್ಥಾನ ಗುರುತಿಸುವುದು ಆಗಲೇ ಬರುತ್ತದೆ, ‘ಡೊ ರೆ ಮಿ’ ಅದೇ ಕೆಲಸ. ಬಲೆ ಎಂದರೆ ಮೊದಲ ಪಾಠವಾದ ಸರಳೆ ವರಸೆ ಕಲಿತದ್ದು ಮಾಯಾಮಾಳವಗೌಳ ರಾಗದಲ್ಲಿ, ಅದರ ರಿಷಭ ಧೈವತ ಶುದ್ಧ, ಅಂದರೆ ಹಿಂದೂಸ್ತಾನಿಯವರ ಕೋಮಲ. ಪಾಶ್ಚಾತ್ಯರ ಮೇಜರ್ ಸ್ಕೇಲಿಗೆ ಹೊಂದುವುದು ಧೀರಶಂಕರಾಭರಣ, ನ್ಯಾಚುರಲ್ ಮೈನರಿಗೆ ಹೊಂದುವುದು ನಠಭೈರವಿ. ಅದೇ ವರಸೆಗಳನ್ನು ಈ ಎರಡು ರಾಗದಲ್ಲಿ, ಗಮಕ (ಇಲ್ಲಿ ಸ್ವರವನ್ನು ಅಲುಗಿಸಿ ಹಾಡುವುದು) ಸ್ವಲ್ಪವೂ ಇಲ್ಲದೆ, ಒಂದು ತಿಂಗಳು ಹಾಡಿ. ಬೇಸರದ ಕೆಲಸ, ನಿಜ.

ಗಮಕ ಬಿಡುವುದು ಕೂಡುದನಿಗೂ, ಅಂದರೆ ಬೇರೆ ಬೇರೆ ಸ್ವರ ಒಟ್ಟಿಗೆ ಹಾಡುವ ಹಾರ್ಮನಿಗೂ ಬೇಕು. ಮೂವರು ಸೇರಿ, ಒಬ್ಬರು ಷಡ್ಜ, ಒಬ್ಬರು ಅಂತರ ಗಾಂಧಾರ, ಒಬ್ಬರು ಪಂಚಮ ಹಿಡಿದು ಎಂಟು ಎಣಿಕೆ ನಿಲ್ಲಿ, ಆಮೇಲೆ ಅದಲುಬದಲು ಮಾಡಿಕೊಳ್ಳಿ. ಗಾಂಧಾರದವರು ಅಲುಗಾಡಿಸಿದರೆ ಮೂರೂ ದನಿ ಕದಡುತ್ತವೆ. ಅಭ್ಯಾಸವಿಲ್ಲದವರು ಎರಡನೇ ಎಣಿಕೆಗೇ ಪಕ್ಕದವರ ಸ್ವರಕ್ಕೆ ಜಾರುತ್ತಾರೆ. ಒಂದು ಕಿವಿ ಅರ್ಧ ಮುಚ್ಚಿ ಹಾಡಿದರೆ ತನ್ನ ದನಿ ತನಗೆ ಕೇಳುತ್ತದೆ.

ಮಳೆಗಾಲ, ಗಂಟಲು, ಊಟ

ಮಲೆನಾಡಿನ ತಯಾರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಬೇರೆಯೇ ಅಧ್ಯಾಯ. ತಗಡಿನ ಮಾಡಿನ ಮೇಲೆ ಜೋರು ಮಳೆ ಹೊಯ್ಯುವಾಗ ನಮಗೇ ಗೊತ್ತಿಲ್ಲದೆ ದನಿ ಏರಿಸುತ್ತೇವೆ. ಸುತ್ತ ಸದ್ದಿದ್ದರೆ ಮನುಷ್ಯ ಗಟ್ಟಿಯಾಗಿ ಮಾತಾಡುವುದು ತಡೆಯಲಾಗದ ಸ್ವಭಾವ. ಒಂದು ಗಂಟೆ ಹಾಗೆ ಹಾಡಿದರೆ ಸಂಜೆಗೆ ಗಂಟಲು ಒರಟಾಗುತ್ತದೆ, ‘ಥಂಡಿ ಹಿಡಿಯಿತು’ ಎಂದು ಕಷಾಯ ಕುಡಿಯುತ್ತೇವೆ. ಥಂಡಿ ಅಲ್ಲ ಅದು, ಅರಚಿದ್ದು. ಜೋರು ಮಳೆಯ ಹೊತ್ತನ್ನು ಮಾತ್ರೆ ಎಣಿಸಲು, ಕೈತಾಳಕ್ಕೆ, ಸಾಹಿತ್ಯ ಬಾಯಿಪಾಠಕ್ಕೆ ಇಟ್ಟುಕೊಳ್ಳಿ, ಹೊಳವಾದಾಗ ಹಾಡಿ.

ತೇವಕ್ಕೆ ತಬಲಾದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಇಳಿಯಿತೆಂದು ಗಟ್ಟೆ ಹೊಡೆದು ಬಿಗಿಮಾಡಿ ಹಾಗೇ ಬಿಟ್ಟರೆ, ಬಿಸಿಲು ಬಂದ ದಿನ ಚರ್ಮ ಬಿಗಿದು ಹರಿಯುತ್ತದೆ. ನುಡಿಸುವ ಅರ್ಧ ಗಂಟೆ ಮೊದಲು ಉರಿಯುವ ಬಲ್ಬಿನ ಹತ್ತಿರ, ಮುಟ್ಟದಂತೆ, ಇಟ್ಟರೆ ಸಾಕು. ಒಲೆಯ ಮೇಲಿನ ಅಟ್ಟ ಬೇಡ, ಹೊಗೆ ಹಿಡಿದು ಚರ್ಮ ಪೆಡಸಾಗುತ್ತದೆ. ಪೇಟಿಯ ತಿದಿಗೆ ಬೂಷ್ಟು ಬರುತ್ತದೆ, ರೀಡು ಅಂಟಿಕೊಂಡು ಯಾವುದೋ ಒಂದು ಸ್ವರ ಮೂಕವಾಗುತ್ತದೆ. ದಿನಾ ಐದು ನಿಮಿಷ ಎಲ್ಲ ಮನೆಗಳನ್ನೂ ಒತ್ತಿ ಗಾಳಿ ಆಡಿಸುವುದೇ ಮದ್ದು.

ದನಿಯನ್ನು ಬೆಚ್ಚಗೆ ಮಾಡಿಕೊಳ್ಳಲು ಅಗ್ಗದ ಸಾಧನ ಒಂದು ಲೋಟ ನೀರು, ಒಂದು ಸ್ಟ್ರಾ. ಸ್ಟ್ರಾದ ತುದಿ ನೀರಿನಲ್ಲಿ ಎರಡು ಮೂರು ಸೆಂಟಿಮೀಟರ್ ಮುಳುಗಿರಲಿ. ಗುಳ್ಳೆ ಬರುವಂತೆ ‘ಊ’ ಎಂದು ಊದುತ್ತ ಷಡ್ಜದಿಂದ ಪಂಚಮಕ್ಕೆ ಜಾರಿ ಇಳಿಯಿರಿ, ಐದು ನಿಮಿಷ. ಬಾಯಲ್ಲಿ ಹುಟ್ಟುವ ಹಿಂದೊತ್ತಡ ದನಿತಂತುಗಳು ಒಂದಕ್ಕೊಂದು ಜಪ್ಪದಂತೆ ನೋಡಿಕೊಳ್ಳುತ್ತದೆ. ಗುಳ್ಳೆ ತುಂಡಾದರೆ ಉಸಿರು ತುಂಡಾಯಿತೆಂದು ಲೆಕ್ಕ. ಆಮೇಲೆ ತುಟಿ ಅದುರಿಸುತ್ತ ಇನ್ನೈದು ನಿಮಿಷ. ಗಟ್ಟಿದನಿಯ ಅಭ್ಯಾಸ ಒಮ್ಮೆಗೆ ಇಪ್ಪತ್ತು ನಿಮಿಷ ಮೀರದಿರಲಿ, ದಿನಕ್ಕೆ ಅಂಥ ಎರಡು ಸಾಕು.

ರಾತ್ರಿ ಹತ್ತಕ್ಕೆ ಕಡುಬು, ಅಪ್ಪೆಹುಳಿ ಉಂಡು ಮಲಗಿ ಬೆಳಗ್ಗೆ ದನಿ ಕಟ್ಟಿದೆ ಎಂದರೆ ಹೊಟ್ಟೆಯ ಹುಳಿ ಗಂಟಲಿಗೆ ಬಂದಿರುತ್ತದೆ. ಮಲಗುವ ಮೂರು ಗಂಟೆ ಮೊದಲು ಊಟ ಮುಗಿಸಿ. ಹಾಡುವ ಮುಂಚೆ ಎಲೆಅಡಿಕೆ ಬೇಡ, ಅಡಿಕೆಯ ಒಗರು ಬಾಯಿ ಒಣಗಿಸುತ್ತದೆ. ಅಡಿಕೆಯ ಸೀಮೆಯಲ್ಲಿ ಈ ಮಾತು ಯಾರಿಗೂ ರುಚಿಸದು, ಇರಲಿ. ಹಬೆ ತೆಗೆದುಕೊಳ್ಳುವುದಾದರೆ ಬರೀ ನೀರಿನದು, ಬಾಮು ಹಾಕಬೇಡಿ. ದನಿ ಒಡಕಲಾಗಿ ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಲೇಬೇಕು.

ವಿಡಿಯೊ ಮತ್ತು ಆಡಿಷನ್ ಕೊಠಡಿ

ವಿಡಿಯೊ ಕೇಳಿದರೆ ಮೊಬೈಲನ್ನು ಅಡ್ಡ ಹಿಡಿದು, ಎದೆಯೆತ್ತರಕ್ಕೆ ಸ್ಟ್ಯಾಂಡಿನ ಮೇಲೆ, ಎರಡು ಎರಡೂವರೆ ಮೀಟರ್ ದೂರದಲ್ಲಿ ಇಡಿ. ತಲೆಯಿಂದ ಮೊಣಕಾಲವರೆಗೆ ಕಾಣಲಿ. ಒಂದು ಹಾಡು ಒಂದೇ ಓಟದಲ್ಲಿರಲಿ, ನಡುವೆ ಕತ್ತರಿಸಿ ಅಂಟಿಸಿದರೆ ತಿರಸ್ಕಾರ. ಪಕ್ಕವಾದ್ಯವನ್ನು ಮೊಬೈಲಿನ ಹಿಂದುಗಡೆ ಕೂರಿಸಿ, ಪಕ್ಕಕ್ಕೆ ಕೂತರೆ ಪೇಟಿಯೇ ನಿಮ್ಮನ್ನು ನುಂಗುತ್ತದೆ. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ, ಎದುರಿಗಿರಲಿ.

ವಿದೇಶದ ಆಡಿಷನ್ನಿನಲ್ಲಿ ಪಿಯಾನೊದವರು ನಿಮ್ಮ ಹಾಳೆಯನ್ನು ಆಗಷ್ಟೇ ನೋಡುತ್ತಾರೆ. ನಿಮ್ಮ ಶ್ರುತಿಗೆ ಬದಲಿಸಿದ ಸ್ವರಲಿಪಿಯನ್ನೇ ಒಯ್ಯಿರಿ, ‘ಎರಡು ಮನೆ ಇಳಿಸಿ ನುಡಿಸಿ’ ಎಂದು ಕೇಳುವಂತಿಲ್ಲ. ಶುರು ಎಲ್ಲಿ, ಕೊನೆ ಎಲ್ಲಿ, ಎಲ್ಲಿಂದ ಎಲ್ಲಿಗೆ ಹಾರಬೇಕು ಎಂದು ದಪ್ಪಗೆ ಗುರುತು ಹಾಕಿ. ವೇಗ ಹೇಳಲು ಚಿಟಿಕೆ ಹೊಡೆಯಬೇಡಿ, ಮೊದಲ ಸಾಲನ್ನು ಮೆಲ್ಲಗೆ ಹಾಡಿ ತೋರಿಸಿ.

ಇಲ್ಲಿಯ ಶಾಲೆಗಳ ಸಂದರ್ಶನದಲ್ಲಿ ಹಾಡು ಮುಗಿದ ಮೇಲೆ ಕೇಳುವುದಕ್ಕೇ ಹೆಚ್ಚು ತಯಾರಿ ಬೇಕು. ‘ಇದನ್ನೇ ಸಿಟ್ಟಿನಲ್ಲಿ ಹಾಡಿ’, ‘ಇದನ್ನು ಹಾಡದೆ ಹೇಳಿ’, ‘ಮಲಗಿಕೊಂಡು ಹಾಡಿ’, ‘ಈ ಕುರ್ಚಿಗೆ ಹೇಳಿ’. ನೋಡುತ್ತಿರುವುದು ನೀವು ಬದಲಾಗಬಲ್ಲಿರಾ ಎಂಬುದನ್ನು. ‘ನಮ್ಮ ಗುರುಗಳು ಹೀಗೇ ಹೇಳಿಕೊಟ್ಟಿದ್ದಾರೆ’ ಎಂದರೆ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ತಂಗಿಯನ್ನೋ ಗೆಳೆಯನನ್ನೋ ಕೂರಿಸಿಕೊಂಡು ಇಂಥ ಹತ್ತು ಆಜ್ಞೆಗಳನ್ನು ಚೀಟಿಯಲ್ಲಿ ಬರೆಸಿ, ದಿನಕ್ಕೆ ಮೂರು ಎತ್ತಿ ಅದೇ ಹಾಡಿಗೆ ಮಾಡಿ.

ಕೊಠಡಿಯೊಳಗೆ ಹೋದವರು ಹೆಸರು ಹೇಳಿ, ಹಾಡಿನ ಹಿನ್ನೆಲೆ ಒಂದೇ ವಾಕ್ಯದಲ್ಲಿ ಹೇಳಿ, ಶ್ರುತಿ ಹಿಡಿದು, ಎರಡು ಸಾಲು ಮಾತಿನಿಂದ ಒಳಗೆ ಹೋಗಿ. ಕೊನೆಯ ಸ್ವರ ನಿಂತ ಮೇಲೆ ಎರಡು ಎಣಿಕೆ ಪಾತ್ರದಲ್ಲೇ ಇರಿ, ಆಮೇಲೆ ಶ್ರುತಿಪೆಟ್ಟಿಗೆ ಆರಿಸಲು ಬಗ್ಗಿ. ಸ್ವರ ಮುಗಿಯುವ ಮೊದಲೇ ಕೈ ಆ ಗುಂಡಿಯ ಕಡೆ ಹೋಗುವುದನ್ನು ಎದುರು ಕೂತವರೆಲ್ಲ ನೋಡುತ್ತಿರುತ್ತಾರೆ.